ಮುಂದಿನ ಬ್ರೇಕಿನಲ್ಲಿ ಕಟ ಕಟ: ಡರ್ಟ್ ಬೈಕಿನ ಸದ್ದು, ಅಲುಗಾಟದ ಮೂಲ ಹುಡುಕುವುದು ಹೇಗೆ

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಮೂಡಿಗೆರೆ ಕಡೆಯ ತೋಟದ ದಾರಿಯಲ್ಲಿ ನನ್ನ ಬೈಕಿನ ಮುಂದಿನ ಚಕ್ರದಿಂದ ‘ಕಟ ಕಟ’ ಸದ್ದು ಶುರುವಾಯಿತು. ಟಾರು ರಸ್ತೆಯಲ್ಲಿ ಏನೂ ಇಲ್ಲ. ಕಲ್ಲಿನ ದಾರಿಗೆ ಇಳಿದರೆ ಸಾಕು, ಡಬ್ಬಿಯೊಳಗೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ಗ್ಯಾರೇಜಿನಲ್ಲಿ ತೋರಿಸಿದೆ. ‘ಪ್ಯಾಡ್ ಹೋಗಿದೆ ಸಾರ್’ ಎಂದರು. ಹೊಸದು ಹಾಕಿಸಿದೆ. ಸದ್ದು ಹಾಗೇ ಇತ್ತು. ಇನ್ನೊಂದು ಕಡೆ ಹೋದೆ. ‘ಕೋನ್ ಸೆಟ್’ ಎಂದರು, ಅಂದರೆ ಹ್ಯಾಂಡಲ್ ತಿರುಗುವ ಕೊರಳಿನ ಬೇರಿಂಗು. ಅದನ್ನೂ ಬದಲಾಯಿಸಿದ್ದಾಯಿತು. ಸದ್ದು ಮಾತ್ರ ಜಗ್ಗಲಿಲ್ಲ. ಕೊನೆಗೆ ನಮ್ಮೂರಿನ ಹಳೆಯ ಮೆಕ್ಯಾನಿಕ್ ಒಬ್ಬರು ಬೈಕ್ ಮುಟ್ಟದೆಯೇ ಒಂದು ಪ್ರಶ್ನೆ ಕೇಳಿದರು: ‘ಬ್ರೇಕ್ ಲಿವರ್ ಮೇಲೆ ಬೆರಳಿಟ್ರೆ ಸದ್ದು ನಿಲ್ಲುತ್ತಾ ಮಾರಾಯ?’

ನಿಲ್ಲುತ್ತಿತ್ತು. ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಬಿಚ್ಚಿ ನೋಡಿದರೆ, ಪ್ಯಾಡುಗಳನ್ನು ಅಲುಗದಂತೆ ಒತ್ತಿ ಹಿಡಿಯಬೇಕಾದ ತಗಡಿನ ಸಣ್ಣ ಸ್ಪ್ರಿಂಗ್ ಅಲ್ಲಿ ಇರಲೇ ಇಲ್ಲ. ಯಾವಾಗಲೋ ಪ್ಯಾಡ್ ಬದಲಿಸುವಾಗ ಬಿದ್ದು ಹೋಗಿದೆ, ಯಾರೂ ಗಮನಿಸಿಲ್ಲ. ಬೆರಳಿನಷ್ಟು ತಗಡಿಗಾಗಿ ನಾನು ಪ್ಯಾಡು, ಕೋನ್ ಸೆಟ್ಟು ಎರಡಕ್ಕೂ ದುಡ್ಡು ಸುರಿದಿದ್ದೆ.

ಆಮೇಲೆ ನಾನೇ ಒಂದು ನಿಯಮ ಹಾಕಿಕೊಂಡೆ. ಯಾವ ಭಾಗ ಅಲುಗುತ್ತಿದೆ ಎಂದು ಬೆರಳಿಗೆ ಗೊತ್ತಾಗುವ ತನಕ ಯಾವ ಭಾಗವನ್ನೂ ಬದಲಿಸಬಾರದು. ಇಲ್ಲಿ ಬರೆದಿರುವುದೆಲ್ಲ ಆ ಬೆರಳಿಗೆ ಗೊತ್ತು ಮಾಡಿಸುವ ದಾರಿ.

ಎಲ್ಲ ಅಲುಗಾಟವೂ ತಪ್ಪಲ್ಲ

ಇದನ್ನು ಮೊದಲೇ ತಿಳಿದುಕೊಂಡರೆ ಅರ್ಧ ಗಾಬರಿ ಕಡಿಮೆ. ಮೆಕ್ಯಾನಿಕ್‌ಗಳು ‘ಪ್ಲೇ’ ಅನ್ನುವ ಅಲುಗಾಟ ಮುಂದಿನ ಬ್ರೇಕಿನಲ್ಲಿ ಸ್ವಲ್ಪ ಇರಲೇಬೇಕು.

ನಮ್ಮಲ್ಲಿ ಓಡುವ ಹೆಚ್ಚಿನ ಡರ್ಟ್ ಬೈಕ್‌ಗಳಲ್ಲಿ ಇರುವುದು ಫ್ಲೋಟಿಂಗ್ ಕ್ಯಾಲಿಪರ್. ಪಿಸ್ಟನ್‌ಗಳು ಒಂದೇ ಬದಿಯಲ್ಲಿರುತ್ತವೆ. ಲಿವರ್ ಹಿಡಿದಾಗ ಅವು ತಮ್ಮ ಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತವೆ. ಆಗ ಇಡೀ ಕ್ಯಾಲಿಪರ್ ಹಿಂದಕ್ಕೆ ಸರಿದು ಎದುರು ಬದಿಯ ಪ್ಯಾಡನ್ನೂ ಎಳೆದು ತರುತ್ತದೆ. ಹಾಗೆ ಸರಿಯಲು ಎರಡು ಪಿನ್ನುಗಳಿವೆ, ಅವುಗಳ ಮೇಲೆ ರಬ್ಬರ್ ಬೂಟುಗಳಿವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ 300 ಮಿ.ಮೀ. ಡಿಸ್ಕಿನ ಮೇಲೆ ಕೂತಿರುವುದು ಈ ಜಾತಿಯದೇ. ಕೆಟಿಎಂನ ಮೋಟೋಕ್ರಾಸ್ ಬೈಕ್‌ಗಳ 260 ಮಿ.ಮೀ. ಡಿಸ್ಕಿನ ಮೇಲಿರುವುದೂ ಇದೇ. ಕೈಯಲ್ಲಿ ಒತ್ತಿದರೆ ಈ ಕ್ಯಾಲಿಪರ್ ಒಳಗೆ ಹೊರಗೆ ಸರಿಯಬೇಕು. ಸರಿಯದಿದ್ದರೆ ಅದೇ ತೊಂದರೆ. ಆದರೆ ಮೇಲೆ ಕೆಳಗೆ ಕುಣಿಯಬಾರದು, ಓರೆಯಾಗಿ ತಿರುಚಬಾರದು.

ಕೆಟಿಎಂನ ಮೊದಲ 390 ಅಡ್ವೆಂಚರ್‌ನಂಥ ಬೈಕ್‌ಗಳಲ್ಲಿ ಎರಡೂ ಬದಿ ಪಿಸ್ಟನ್ ಇರುವ ಕ್ಯಾಲಿಪರನ್ನು ಫೋರ್ಕಿಗೆ, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕಾಲುಗಳಲ್ಲಿ ಒಂದಕ್ಕೆ, ಗಟ್ಟಿಯಾಗಿ ಬಿಗಿದಿರುತ್ತಾರೆ. ಅದು ಯಾವ ಕಡೆಗೂ ಒಂದು ಕೂದಲಿನಷ್ಟೂ ಅಲುಗಬಾರದು. ನಿಮ್ಮದು ಯಾವುದು ಅಂತ ನೋಡಿಕೊಂಡೇ ಮುಂದೆ ಹೋಗಿ.

ಡಿಸ್ಕಿನಲ್ಲೂ ಹೀಗೇ. ಒಂದೇ ತುಂಡಿನ ಡಿಸ್ಕ್ ಚಕ್ರದ ನಡುವಿನ ಹಬ್ಬಿನ ಮೇಲೆ ಅಲುಗುವಂತಿಲ್ಲ. ನಡುವಿನ ಭಾಗ ಬೇರೆ, ಹೊರಗಿನ ಬಳೆ ಬೇರೆ ಇದ್ದು, ಗುಂಡಗಿನ ಬಟನ್‌ಗಳಿಂದ ಜೋಡಿಸಿದ್ದರೆ ಅದು ಫ್ಲೋಟಿಂಗ್ ಡಿಸ್ಕ್. ಅದರಲ್ಲಿ ಸ್ವಲ್ಪ ಅಲುಗಾಟ ಬೇಕೆಂದೇ ಇಟ್ಟಿರುತ್ತಾರೆ.

ಬಿಚ್ಚುವ ಮೊದಲು ಕಿವಿ ಕೊಡಿ

ಸ್ಪ್ಯಾನರ್ ಆಮೇಲೆ. ಮೊದಲು ಬೈಕ್ ಓಡಿಸಿ. ವಾಹನ ಓಡಾಡದ ಮಣ್ಣಿನ ದಾರಿ ಒಂದಿಷ್ಟು ಬೇಕು. ಅದರಲ್ಲಿ ಸ್ವಲ್ಪ ಕಲ್ಲು ಗುಂಡಿ ಇರಲಿ, ಸ್ವಲ್ಪ ಸಪಾಟಾಗಿರಲಿ. ಬ್ರೇಕ್ ಪೂರ್ತಿ ಹಿಡಿಯುತ್ತಿದೆಯೇ ಎಂದು ನಿಂತಲ್ಲೇ ನೋಡಿಕೊಂಡು ಹೊರಡಿ. ಲಿವರ್ ಹ್ಯಾಂಡಲ್‌ಗೆ ತಾಗುವ ತನಕ ಹೋದರೆ ಓಡಿಸುವ ಮಾತೇ ಇಲ್ಲ.

ಗುಂಡಿಯ ಮೇಲೆ ನಿಧಾನವಾಗಿ ಹೋಗುವಾಗ ಕಟಕಟ ಬಂತು ಅನ್ನಿ. ಬ್ರೇಕ್ ಹಿಡಿಯಬೇಡಿ, ಪ್ಯಾಡ್ ಡಿಸ್ಕಿಗೆ ತಾಗುವಷ್ಟೇ ಲಿವರ್ ಎಳೆಯಿರಿ. ಸದ್ದು ತಟ್ಟನೆ ನಿಂತರೆ ಅದು ಪ್ಯಾಡು ಇಲ್ಲವೇ ಕ್ಯಾಲಿಪರಿನದು. ನಿಲ್ಲದಿದ್ದರೆ ಬ್ರೇಕನ್ನು ಸುಮ್ನೆ ದೂರಬೇಡಿ. ಹೆಡ್‌ಲೈಟ್ ಕೌಲ್, ಮಡ್‌ಗಾರ್ಡ್ ಬೋಲ್ಟ್, ಹೋಸಿನ ಕ್ಲಿಪ್ಪು, ನಂಬರ್ ಪ್ಲೇಟು, ಹೀಗೆ ಬೇರೆ ಕಳ್ಳರು ಬೇಕಾದಷ್ಟಿದ್ದಾರೆ.

ಇಲ್ಲೊಂದು ಮೋಸ ಇದೆ. ಲಿವರ್ ತಾನೇ ತನ್ನ ಪಿವಟ್ ಬೋಲ್ಟಿನಲ್ಲಿ ಲೂಸಾಗಿ ಕುಣಿಯುತ್ತಿದ್ದರೂ ಬೆರಳಿಟ್ಟ ಕೂಡಲೇ ಸದ್ದು ನಿಲ್ಲುತ್ತದೆ. ಎರಡನ್ನೂ ಬೇರ್ಪಡಿಸುವುದು ಹೀಗೆ: ಲಿವರನ್ನು ಹಿಂದಕ್ಕೆ ಎಳೆಯುವ ಬದಲು ಬೆರಳಿನ ಹಿಂಬದಿಯಿಂದ ಮುಂದಕ್ಕೆ ಒತ್ತಿ ಹಿಡಿಯಿರಿ. ಆಗ ಪ್ಯಾಡಿಗೆ ಏನೂ ಆಗುವುದಿಲ್ಲ, ಲಿವರ್ ಮಾತ್ರ ಗಟ್ಟಿಯಾಗುತ್ತದೆ. ಈಗ ಸದ್ದು ನಿಂತರೆ ಕಳ್ಳ ಹ್ಯಾಂಡಲ್ ಮೇಲೇ ಇದ್ದಾನೆ. ಹಳೆಯ ಬೈಕ್‌ಗಳಲ್ಲಿ, ಅದರಲ್ಲೂ ಹೊರಗಿನ ಅಗ್ಗದ ಲಿವರ್ ಹಾಕಿಸಿದವುಗಳಲ್ಲಿ, ಇದು ಜಾಸ್ತಿ.

ಇನ್ನು ಸದ್ದಿನ ತಾಳ. ಚಕ್ರ ಒಂದು ಸುತ್ತು ತಿರುಗಿದಾಗ ಒಮ್ಮೆ ‘ಶ್ಶ್’ ಅಂತ ಬಂದು, ವೇಗ ಹೆಚ್ಚಿದಂತೆ ಅದೂ ಬೇಗ ಬೇಗ ಬಂದರೆ ಡಿಸ್ಕ್ ಬೆಂಡ್ ಆಗಿದೆ ಅಂತ ಅನುಮಾನ ಪಡಿ. ಒಂದೇ ಸಮನೆ ಗೊರಗೊರ ಎಂದರೆ ವೀಲ್ ಬೇರಿಂಗ್, ಇಲ್ಲವೇ ಸವೆದು ಕಬ್ಬಿಣ ಹೊರಬಂದ ಪ್ಯಾಡು. ಬ್ರೇಕ್ ಹಿಡಿದ ಕ್ಷಣ ಒಂದೇ ಒಂದು ‘ಟಕ್’, ಬಿಟ್ಟಾಗ ಮತ್ತೊಂದು ‘ಟಕ್’ ಬಂದರೆ ಯಾವುದೋ ಭಾಗ ತನ್ನ ಜಾಗದಲ್ಲಿ ಹಿಂದೆ ಮುಂದೆ ಸರಿಯುತ್ತಿದೆ. ಅದು ಕ್ಯಾಲಿಪರ್ ಬೋಲ್ಟಿನಿಂದ ಹಿಡಿದು ಕೋನ್ ಸೆಟ್ ತನಕ ಏನು ಬೇಕಾದರೂ ಆಗಿರಬಹುದು. ಬ್ರೇಕ್ ಹಿಡಿದಾಗ ‘ಕೀಂಯ್’ ಅನ್ನುವ ಕಿರುಚಾಟ ಸಾಮಾನ್ಯವಾಗಿ ಅಲುಗಾಟದ್ದಲ್ಲ, ಪ್ಯಾಡಿನ ಮೈಯ ವಿಷಯ. ಅದಕ್ಕೆ ಆಮೇಲೆ ಬರೋಣ.

ಒಂದನ್ನು ಮಾತ್ರ ಪಟ್ಟಿಯಿಂದ ತೆಗೆದುಬಿಡಿ. ಜಲ್ಲಿಯ ಮೇಲೆ ಬ್ರೇಕ್ ಒತ್ತಿದಾಗ ಲಿವರ್ ಬೆರಳಿಗೆ ಟಪಟಪ ಹೊಡೆದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿರುವುದು. 2019ರ ಏಪ್ರಿಲ್‌ನಿಂದ ನಮ್ಮಲ್ಲಿ 125 ಸಿಸಿಗಿಂತ ದೊಡ್ಡ ಬೈಕ್‌ಗಳಿಗೆಲ್ಲ ಅದು ಕಡ್ಡಾಯ. ಡ್ರಮ್ ಬ್ರೇಕಿನ ಕಾಲದಿಂದ ಬಂದವರು ಇದನ್ನು ಕೆಟ್ಟಿದೆ ಎಂದುಕೊಂಡು ಬರುವುದುಂಟು.

ನೆಲದ ಮೇಲೆ ನಿಂತೇ ಮಾಡುವ ಪರೀಕ್ಷೆ

ಇದಕ್ಕೆ ಇನ್ನೊಬ್ಬರು ಬೇಕು. ತಮ್ಮನನ್ನೋ ಮಗಳನ್ನೋ ಕರೆಯಿರಿ. ಅವರು ಬೈಕಿನ ಪಕ್ಕ ನಿಂತು, ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು, ಹ್ಯಾಂಡಲನ್ನು ಹಿಂದೆ ಮುಂದೆ ತಳ್ಳಲಿ. ನಿಮಗೆ ‘ಟಕ್ ಟಕ್’ ಕೇಳಿಸುತ್ತದೆ. ಎಲ್ಲಿಂದ ಅಂತ ಕಿವಿ ಹೇಳುವುದಿಲ್ಲ, ಏಕೆಂದರೆ ಕಬ್ಬಿಣದ ಮೂಲಕ ಸದ್ದು ಎಲ್ಲ ಕಡೆ ಹರಿಯುತ್ತದೆ. ಆದ್ದರಿಂದ ಬೆರಳು ಬಳಸಬೇಕು.

ಎರಡು ಭಾಗ ಸೇರುವ ಜಾಗದ ಮೇಲೆ ಬೆರಳ ತುದಿ ಇಡಿ, ಅರ್ಧ ಬೆರಳು ಇತ್ತ, ಅರ್ಧ ಅತ್ತ. ಎರಡೂ ಒಟ್ಟಿಗೆ ಅಲುಗಿದರೆ ಆ ಜಾಗ ಸರಿಯಿದೆ. ಒಂದು ನಿಂತು ಇನ್ನೊಂದು ಸರಿದರೆ ಸಿಕ್ಕಿತು. ಕೆಳಗಿನಿಂದ ಶುರು ಮಾಡಿ. ಡಿಸ್ಕು ಮತ್ತು ಹಬ್ಬಿನ ನಡುವೆ. ಕ್ಯಾಲಿಪರ್ ಮತ್ತು ಅದರ ಬ್ರಾಕೆಟ್ ನಡುವೆ. ಬ್ರಾಕೆಟ್ ಮತ್ತು ಫೋರ್ಕ್ ನಡುವೆ. ಆಮೇಲೆ ಮೇಲಕ್ಕೆ ಬಂದು ಫೋರ್ಕಿನ ಡಸ್ಟ್ ಸೀಲ್ ಹತ್ತಿರ, ಒಳಗಿನ ಪೈಪು ಹೊರಗಿನ ಪೈಪಿನೊಳಗೆ ಹೋಗುವಲ್ಲಿ. ಕೊನೆಗೆ ಚಾಸಿಸ್ಸಿನ ಕೊರಳಿಗೆ ಫೋರ್ಕ್ ಕೂರುವ ಜಾಗದಲ್ಲಿ, ಅಂದರೆ ಕೋನ್ ಸೆಟ್ ಇರುವಲ್ಲಿ. ಬೆರಳು ಸಿಕ್ಕಿಹಾಕಿಕೊಳ್ಳದಂತೆ ಜೋಪಾನ, ಡಿಸ್ಕಿನ ತೂತುಗಳಲ್ಲಿ ಬೆರಳು ಹಾಕಲೇಬಾರದು.

ಪ್ಯಾಡುಗಳು ಕ್ಯಾಲಿಪರಿನೊಳಗೆ ಕೂದಲೆಳೆಯಷ್ಟು ಸರಿದು ಮೆಲ್ಲಗೆ ‘ಟಿಕ್’ ಎಂದರೆ ತಲೆ ಕೆಡಿಸಿಕೊಳ್ಳಬೇಡಿ. ಹೊಸ ಬೈಕಿನಲ್ಲೂ ಅದು ಇರುತ್ತದೆ. ಕಣ್ಣಿಗೆ ಕಾಣುವಷ್ಟು ಸರಿದರೆ ಮಾತ್ರ ಮುಂದಿನ ಕೆಲಸ ಇದೆ.

ಚಕ್ರ ಎತ್ತಿ ನೋಡುವುದು

ಎಂಜಿನ್ ಅಡಿಗೆ ಗಟ್ಟಿ ಮರದ ದಿಮ್ಮಿ ಇಲ್ಲವೇ ಸ್ಟ್ಯಾಂಡ್ ಕೊಟ್ಟು ಮುಂದಿನ ಚಕ್ರ ನೆಲದಿಂದ ಮೇಲೆ ಬರುವಂತೆ ಮಾಡಿ. ಬೈಕ್ ಬೀಳದಂತೆ ಹಿಂದಿನಿಂದ ಒಬ್ಬರು ಹಿಡಿದುಕೊಳ್ಳಲಿ. ಬರೀ ಸೈಡ್ ಸ್ಟ್ಯಾಂಡ್ ಮೇಲೆ ಓರೆ ಮಾಡಿ ಎತ್ತುವ ಸಾಹಸ ಬೇಡ.

ಫೋರ್ಕಿನ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆದು ತಳ್ಳಿ. ಅಲುಗಿದರೆ ಕೋನ್ ಸೆಟ್ ಲೂಸಿದೆ, ಇಲ್ಲವೇ ಫೋರ್ಕಿನ ಬುಷ್ ಸವೆದಿದೆ. ಯಾವುದು ಅಂತ ಮೊದಲಿನ ಹಾಗೇ ಬೆರಳಿಟ್ಟು ಕಂಡುಕೊಳ್ಳಿ. ಆಮೇಲೆ ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ. ನೇರ ಇರುವ ಜಾಗದಲ್ಲಿ ಹಳ್ಳಕ್ಕೆ ಬಿದ್ದ ಹಾಗೆ ಸಿಕ್ಕಿಕೊಂಡರೆ ಕೋನ್ ಸೆಟ್ಟಿನಲ್ಲಿ ಗುಳಿ ಬಿದ್ದಿದೆ. ಅದನ್ನು ಬಿಗಿ ಮಾಡಿ ಉಪಯೋಗವಿಲ್ಲ, ಬದಲಿಸಬೇಕು. ಹಳ್ಳವಿಲ್ಲದೆ ಬರೀ ಲೂಸ್ ಇದ್ದರೆ ಬಿಗಿ ಮಾಡಿದರೆ ಸಾಕು.

ಈಗ ಚಕ್ರದ ಮೇಲ್ತುದಿ ಒಂದು ಕೈಲಿ, ಕೆಳತುದಿ ಇನ್ನೊಂದು ಕೈಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಫೋರ್ಕ್ ನಿಂತಿದ್ದು ಚಕ್ರ ಮಾತ್ರ ಕಟಕ್ ಎಂದು ಓಲಾಡಿದರೆ ಬೇರಿಂಗ್ ಹೋಗಿದೆ. ಚಕ್ರದ ನಡುವೆ ತೂರಿರುವ ಆಕ್ಸಲ್ ಲೂಸ್ ಇದ್ದರೂ ಹೀಗೇ ಆಗುತ್ತದೆ, ಅದನ್ನು ಮೊದಲು ನೋಡಿ. ಮಲೆನಾಡಿನ ಕೆಂಪು ಕೆಸರಿನಲ್ಲಿ ಓಡುವ ಬೈಕ್‌ಗಳಿಗೆ ಬೇರಿಂಗ್ ಬೇಗ ಹೋಗುವುದಕ್ಕೆ ಒಂದು ಕಾರಣ ಕೆಸರು, ಇನ್ನೊಂದು ಕಾರಣ ಆ ಕೆಸರು ತೊಳೆಯುವ ಪ್ರೆಶರ್ ವಾಶ್. ಹಬ್ಬಿನ ನಡುವಿಗೇ ಗುರಿ ಇಟ್ಟು ನೀರು ಹೊಡೆದರೆ ಸೀಲ್ ದಾಟಿ ಒಳಗೆ ಹೋಗುತ್ತದೆ, ಗ್ರೀಸು ತೊಳೆದು ಹೋಗುತ್ತದೆ. ಹೊಸ ಬೇರಿಂಗ್ ತರುವಾಗ ಹಳೆಯದರ ಮೇಲಿನ ನಂಬರ್ ಬರೆದುಕೊಂಡು ಹೋಗಿ. ಕೊನೆಯಲ್ಲಿ ‘2ಆರ್‌ಎಸ್’ ಇರುವುದನ್ನೇ ಕೇಳಿ, ಎರಡೂ ಬದಿ ರಬ್ಬರ್ ಸೀಲ್ ಇದೆ ಎಂದು ಅರ್ಥ.

ಬೇರಿಂಗ್ ಲೂಸಿದ್ದರೆ ಬ್ರೇಕಿನಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಗುಂಡಿಗಳ ದಾರಿ ದಾಟಿದ ಮೇಲೆ ಮೊದಲ ಸಲ ಲಿವರ್ ಎಳೆದರೆ ತೀರಾ ಒಳಗೆ ಹೋಗುತ್ತದೆ. ಕೂಡಲೇ ಎರಡನೇ ಸಲ ಎಳೆದರೆ ಗಟ್ಟಿಯಾಗಿ ಸಿಗುತ್ತದೆ. ಓಲಾಡುವ ಡಿಸ್ಕ್ ಪ್ಯಾಡುಗಳನ್ನು ತಳ್ಳಿ ಪಿಸ್ಟನ್‌ಗಳನ್ನು ಹಿಂದಕ್ಕೆ ಕೂರಿಸಿಬಿಟ್ಟಿರುತ್ತದೆ. ಮೊದಲ ಎಳೆತ ಆ ದೂರವನ್ನು ತುಂಬುವುದಕ್ಕೇ ಖರ್ಚಾಗುತ್ತದೆ. ಬೆಂಡಾದ ಡಿಸ್ಕಿನಿಂದಲೂ ಇದೇ ಆಗುತ್ತದೆ. ಇದನ್ನು ನೋಡಿ ‘ಏರ್ ಸೇರಿದೆ’ ಎಂದು ಬ್ಲೀಡ್ ಮಾಡುತ್ತಾ, ಅಂದರೆ ಬ್ರೇಕ್ ಆಯಿಲಿನೊಳಗಿನ ಗಾಳಿ ಹೊರತೆಗೆಯುತ್ತಾ, ಕೂರುವವರೇ ಹೆಚ್ಚು. ಏರ್ ಇದ್ದರೆ ಲಿವರ್ ಸ್ಪಂಜಿನ ಹಾಗೆ ಇರುತ್ತದೆ, ಪಂಪ್ ಮಾಡಿದರೆ ಗಟ್ಟಿಯಾಗುವುದು ನಿಧಾನ. ಗುಂಡಿಯ ದಾರಿಗೂ ಟಾರು ರಸ್ತೆಗೂ ಅದಕ್ಕೆ ವ್ಯತ್ಯಾಸ ಇಲ್ಲ.

ಚಕ್ರ ಎತ್ತಿರುವಾಗಲೇ ಅದರ ಕಡ್ಡಿಗಳನ್ನೂ (ಸ್ಪೋಕ್) ಒಂದೊಂದಾಗಿ ಸಣ್ಣ ಸ್ಪ್ಯಾನರಿನಿಂದ ತಟ್ಟಿಬಿಡಿ. ‘ಟಿಣ್’ ಎನ್ನಬೇಕು. ‘ಟಪ್’ ಎಂದ ಕಡ್ಡಿ ಲೂಸ್. ಬ್ರೇಕ್ ಹಿಡಿದಾಗ ಕಿರಕಿರ ಅನ್ನುವ ಸದ್ದಿಗೆ ಇವೂ ಕಾರಣವಾಗುತ್ತವೆ.

ಡಿಸ್ಕ್ ಬೆಂಡ್ ನೋಡಲು ಒಂದು ಕೇಬಲ್ ಟೈ

ಓಲಾಟ ಅಳೆಯುವ ಡಯಲ್ ಗೇಜ್ ಎಲ್ಲರ ಮನೆಯಲ್ಲಿ ಇರುವುದಿಲ್ಲ ಅಲ್ವಾ? ಒಂದು ಕೇಬಲ್ ಟೈ ಸಾಕು. ಅದನ್ನು ಫೋರ್ಕಿಗೆ ಬಿಗಿದು, ಬಾಲವನ್ನು ಡಿಸ್ಕಿನ ಮೈಗೆ ತಾಗಿಯೂ ತಾಗದ ಹಾಗೆ ಕತ್ತರಿಸಿ. ಚಕ್ರವನ್ನು ಮೆಲ್ಲಗೆ ತಿರುಗಿಸಿ. ಡಿಸ್ಕ್ ನೇರವಿದ್ದರೆ ಸಂದು ಸುತ್ತಲೂ ಒಂದೇ ಥರ ಕಾಣುತ್ತದೆ. ಬೆಂಡ್ ಇದ್ದರೆ ಒಂದು ಕಡೆ ತಾಗುತ್ತದೆ, ಎದುರು ಕಡೆ ದೂರ ಹೋಗುತ್ತದೆ. ತಾಗುವ ಜಾಗಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ. ಹೆಚ್ಚಿನ ಬೈಕ್‌ಗಳಿಗೆ 0.3 ಮಿ.ಮೀ. ಒಳಗಿನ ಓಲಾಟ ಪರವಾಗಿಲ್ಲ. ಜೆರಾಕ್ಸ್ ಹಾಳೆ ಮೂರು ಒಟ್ಟಿಗೆ ಹಿಡಿದರೆ ಸುಮಾರು ಅಷ್ಟು ದಪ್ಪ. ನಾನು ಆ ಮೂರು ಹಾಳೆಯನ್ನೇ ಸಂದಿನಲ್ಲಿ ತೂರಿಸಿ ನೋಡುತ್ತೇನೆ.

ಡಿಸ್ಕ್ ಬೆಂಡ್ ಆಗುವುದು ಕಲ್ಲು ಬಡಿದು ಮಾತ್ರ ಅಲ್ಲ. ಪಂಚರ್ ಹಾಕಿಸುವಾಗ ಚಕ್ರವನ್ನು ಡಿಸ್ಕ್ ಕೆಳಗಾಗಿ ನೆಲಕ್ಕೆ ಮಲಗಿಸಿ ಟೈರ್ ಮೇಲೆ ನಿಂತು ತುಳಿದರೆ ಒಂದೇ ಸಲಕ್ಕೆ ಮುಗಿಯಿತು. ಅಂಗಡಿಯಲ್ಲಿ ನಿಂತು ‘ಅಣ್ಣಾ, ಡಿಸ್ಕ್ ಮೇಲೆ ಮಾಡಿ ಮಲಗಿಸಿ’ ಎನ್ನಲು ನಾಚಿಕೆ ಬೇಡ. ಬೆಂಡಾದ ಡಿಸ್ಕನ್ನು ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡುತ್ತೇವೆ ಅನ್ನುವವರಿದ್ದಾರೆ. ಕಾಡಿನ ನಡುವೆ ಮನೆ ತಲುಪಲು ಅದು ಸರಿ, ಅದರ ಮೇಲೆ ಮುಂದಿನ ವರ್ಷ ಓಡಿಸಲು ಅಲ್ಲ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೆತ್ತಿರುತ್ತಾರೆ. ವರ್ನಿಯರ್‌ನಲ್ಲಿ ಅಳೆಯುವಾಗ ಅಂಚಿನಲ್ಲಿ ಅಳೆಯಬೇಡಿ, ಅಲ್ಲಿ ಪ್ಯಾಡ್ ತಾಗದೆ ದಪ್ಪ ಹಾಗೇ ಉಳಿದಿರುತ್ತದೆ. ಪ್ಯಾಡ್ ಉಜ್ಜುವ ಪಟ್ಟಿಯ ನಡುವೆ ಅಳೆಯಿರಿ. ಡಿಸ್ಕಿನ ಬೋಲ್ಟುಗಳಲ್ಲಿ ಯಾವುದಾದರೂ ಸುತ್ತ ತುಕ್ಕಿನ ಪುಡಿ ಕಂಡರೆ ಅದು ಅಲುಗುತ್ತಿರುವುದಕ್ಕೆ ಸಾಕ್ಷಿ. ಅದನ್ನು ಬಿಚ್ಚಿ, ಬೋಲ್ಟಿನ ಮರೆಗಳನ್ನು (ಥ್ರೆಡ್) ತೊಳೆದು, ಸಡಿಲವಾಗದಂತೆ ಹಿಡಿಯುವ ಅಂಟು ಥ್ರೆಡ್‌ಲಾಕ್ ಹಚ್ಚಿ, ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ, ಅಂದರೆ ಬಿಗಿತದ ಅಳತೆಗೆ, ಬಿಗಿಯಬೇಕು.

ಕ್ಯಾಲಿಪರ್ ಬಿಚ್ಚುವುದು

ನಿಜವಾದ ಕೆಲಸ ಇಲ್ಲಿದೆ. ಕಟಕಟದ ಮೂಲ ಹತ್ತರಲ್ಲಿ ಎಂಟು ಸಲ ಇಲ್ಲೇ ಸಿಗುತ್ತದೆ ಎಂಬುದು ನನ್ನ ಅನುಭವ.

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಪ್ಯಾಡ್ ಪಿನ್ನನ್ನು ಕ್ಯಾಲಿಪರ್ ಇನ್ನೂ ಫೋರ್ಕಿನ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ, ಕೈಯಲ್ಲಿ ಹಿಡಿದು ಸಡಿಲಿಸುವುದು ಕಷ್ಟ. ಆಮೇಲೆ ಎರಡು ಮೌಂಟಿಂಗ್ ಬೋಲ್ಟ್ ತೆಗೆದು ಕ್ಯಾಲಿಪರನ್ನು ಡಿಸ್ಕಿನಿಂದ ಜಾರಿಸಿ. ಹೋಸಿನ ಮೇಲೆ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಿ. ಇನ್ನು ಯಾರೂ ಲಿವರ್ ಮುಟ್ಟಬಾರದು. ಡಿಸ್ಕ್ ಇಲ್ಲದೆ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಬ್ರೇಕ್ ಆಯಿಲ್ ಚೆಲ್ಲುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪ್ಯಾಡುಗಳ ನಡುವೆ ಒಂದು ಮರದ ಚೂರು ಸಿಕ್ಕಿಸಿಡಿ. ಆ ಆಯಿಲ್ ಪೇಂಟನ್ನು ತಿನ್ನುತ್ತದೆ, ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಪ್ಯಾಡುಗಳನ್ನು ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ಅವು ಕ್ಯಾಲಿಪರಿನ ಕಥೆಯನ್ನೆಲ್ಲ ಹೇಳುತ್ತವೆ. ಪಿಸ್ಟನ್ ಬದಿಯ ಪ್ಯಾಡ್ ಮಾತ್ರ ಜಾಸ್ತಿ ಸವೆದಿದ್ದರೆ ಕ್ಯಾಲಿಪರ್ ಪಿನ್ನಿನ ಮೇಲೆ ಸರಿಯುತ್ತಿಲ್ಲ. ಒಂದೇ ಪ್ಯಾಡು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗೆ ಓರೆಯಾಗಿದ್ದರೆ ಪಿನ್ನು ಸವೆದು ಕ್ಯಾಲಿಪರ್ ತಿರುಚಿಕೊಳ್ಳುತ್ತಿದೆ, ಇಲ್ಲವೇ ಎರಡರಲ್ಲಿ ಒಂದು ಪಿಸ್ಟನ್ ಸಿಕ್ಕಿಕೊಂಡಿದೆ. ಎರಡೂ ಒಂದೇ ಸಮ ಸವೆದಿದ್ದರೆ ಒಳ್ಳೆಯ ಸುದ್ದಿ. ಉಜ್ಜುವ ಪದರ 1 ಮಿ.ಮೀ. ಹತ್ತಿರ ಬಂದಿದ್ದರೆ ಯೋಚಿಸದೆ ಬದಲಿಸಿ. ಕೆಸರಿನ ದಾರಿಯವರು ಅದಕ್ಕೂ ಮೊದಲೇ ಬದಲಿಸುವುದು ಒಳ್ಳೆಯದು. ಕೆಸರು ಮತ್ತು ಮರಳು ಸೇರಿದರೆ ಉಪ್ಪುಕಾಗದ ಇದ್ದ ಹಾಗೆ, ಒಂದೇ ಮಳೆಗಾಲದ ಭಾನುವಾರ ಅರ್ಧ ಪ್ಯಾಡ್ ತಿಂದಿದ್ದನ್ನು ನೋಡಿದ್ದೇನೆ.

ಈಗ ಪ್ಯಾಡ್ ಪಿನ್ನು. ಪ್ಯಾಡುಗಳು ನೇತಾಡುವ ಈ ಸಣ್ಣ ಕಡ್ಡಿಯ ಮೇಲೆ ಉಗುರು ಎಳೆಯಿರಿ. ಉಗುರು ತಡೆಯುವಷ್ಟು ಗೀರು ಬಿದ್ದಿದ್ದರೆ ಪಿನ್ ಬದಲಿಸಿ. ಪ್ಯಾಡು ಆ ಗೀರಿನಲ್ಲಿ ಸಿಕ್ಕಿಕೊಂಡು, ಬ್ರೇಕ್ ಹಿಡಿದಾಗ ಜಿಗಿದು ‘ಟಕ್’ ಎನ್ನುತ್ತದೆ. ಬಿಟ್ಟ ಮೇಲೆ ಹಿಂದೆ ಸರಿಯದೆ ಉಜ್ಜುತ್ತದೆ. ಸದ್ದೂ ಬಂತು, ಉಜ್ಜಾಟವೂ ಬಂತು, ಕಾರಣ ಒಂದೇ.

ಅದಾದ ಮೇಲೆ ನನ್ನ ಹಳೆಯ ವೈರಿ, ತಗಡಿನ ಸ್ಪ್ರಿಂಗ್. ಕ್ಯಾಲಿಪರಿನ ಒಳಛಾವಣಿಗೆ ಅಂಟಿದಂತೆ ಒಂದಿರುತ್ತದೆ. ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿ ಕೂರುವ ಜಾಗದಲ್ಲಿ ಹಲವು ಬೈಕ್‌ಗಳಿಗೆ ಇನ್ನೊಂದು ಸಣ್ಣ ತಗಡಿರುತ್ತದೆ. ಎರಡೂ ಇವೆಯೇ? ತಿರುವುಮುರುವಾಗಿಲ್ಲ ತಾನೇ? ಪ್ಯಾಡನ್ನು ಕೂರಿಸಿದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಬೇಕು. ಪಿನ್ ತೂರಿಸಲು ಪ್ಯಾಡನ್ನು ಬೆರಳಿನಿಂದ ಸ್ವಲ್ಪ ಒತ್ತಬೇಕಾದರೆ ಸ್ಪ್ರಿಂಗ್ ಸರಿಯಿದೆ. ಪಿನ್ ಸಲೀಸಾಗಿ ಹೋಯಿತೆಂದರೆ ಸ್ಪ್ರಿಂಗ್ ಸತ್ತಿದೆ, ಅಥವಾ ಇಲ್ಲವೇ ಇಲ್ಲ. ಅದನ್ನು ಬಗ್ಗಿಸಿ ಮತ್ತೆ ಬಿಗಿ ಮಾಡುವ ಉಪಾಯ ನಾನೂ ಮಾಡಿದ್ದೇನೆ. ಒಂದು ವಾರ ಬರುತ್ತದೆ, ಆಮೇಲೆ ಮತ್ತೆ ಅದೇ ಗೋಲಿ ಡಬ್ಬಿ.

ಕ್ಯಾಲಿಪರನ್ನು ಬ್ರಾಕೆಟ್ಟಿನಿಂದ ಎಳೆದು ಬೇರ್ಪಡಿಸಿ. ಎರಡು ಸ್ಲೈಡ್ ಪಿನ್ನುಗಳು ಕಾಣುತ್ತವೆ. ಹೆಚ್ಚಾಗಿ ಎರಡೂ ಒಂದೇ ಅಳತೆ ಇರುವುದಿಲ್ಲ, ಯಾವುದು ಎಲ್ಲಿಯದು ಅಂತ ಮರೆಯಬೇಡಿ. ರಬ್ಬರ್ ಬೂಟ್ ಹರಿದಿದ್ದರೆ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಪಿನ್ನು ಒರೆಸಿ ನೋಡಿ. ಹೊಳೆಯುತ್ತಿದ್ದರೆ ಸರಿ. ತುಕ್ಕು ತಿಂದು ಗುಳಿ ಬಿದ್ದಿದ್ದರೆ, ಒಂದು ಕಡೆ ಚಪ್ಪಟೆಯಾಗಿದ್ದರೆ ಬದಲಿಸಬೇಕು. ತೂತನ್ನೂ ಬಟ್ಟೆ ಸುತ್ತಿದ ಕಡ್ಡಿಯಿಂದ ಚೆನ್ನಾಗಿ ಒರೆಸಿ. ಒಣ ಪಿನ್ನನ್ನು ಒಣ ತೂತಿಗೆ ಹಾಕಿ ಅಡ್ಡಡ್ಡ ಅಲ್ಲಾಡಿಸಿ. ಕುಣಿದರೆ ಸವೆದಿರುವುದು ಪಿನ್ನೋ ತೂತೋ ಎಂದು ಹೊಸ ಪಿನ್ನು ಹಾಕಿ ನೋಡಿದರೆ ಗೊತ್ತಾಗುತ್ತದೆ. ತೂತೇ ಸವೆದಿದ್ದರೆ ಬ್ರಾಕೆಟ್ ಅಥವಾ ಕ್ಯಾಲಿಪರ್ ಬದಲಿಸದೆ ಬೇರೆ ದಾರಿ ಇಲ್ಲ.

ಗ್ರೀಸು ಸಿಲಿಕೋನಿನದ್ದೇ ಆಗಬೇಕು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸು ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ, ಆಮೇಲೆ ಪಿನ್ನು ಸಿಕ್ಕಿಕೊಳ್ಳುತ್ತದೆ. ಜಾಸ್ತಿ ಮೆತ್ತಬೇಡಿ. ತೂತಿನ ತಳದಲ್ಲಿ ಗ್ರೀಸು ತುಂಬಿದರೆ ಪಿನ್ನು ಒಳಗೆ ಹೋಗಲು ಜಾಗ ಇರದೆ ವಾಪಸ್ ತಳ್ಳುತ್ತದೆ. ಪಿನ್ನಿನ ಮೈಗೆ ತೆಳ್ಳನೆ ಪದರ ಸಾಕು.

ಕೊನೆಗೆ ಪಿಸ್ಟನ್. ಹೊರಬಂದ ಭಾಗದ ಮೇಲೆ ಮಣ್ಣು ಅಂಟಿರುತ್ತದೆ. ಹಾಗೇ ಒಳಗೆ ಒತ್ತಿದರೆ ಆ ಮಣ್ಣು ಸೀಲನ್ನು ಗೀರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೋಪಿನ ನೀರು ಅಥವಾ ಬ್ರೇಕ್ ಕ್ಲೀನರ್ ಹಾಕಿ ಸುತ್ತಲೂ ಉಜ್ಜಿ, ಒರೆಸಿ, ಆಮೇಲೆ ಒತ್ತಿ. ಒತ್ತುವ ಮೊದಲು ಹ್ಯಾಂಡಲ್ ಮೇಲಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದಿರಿ, ಸುತ್ತ ಬಟ್ಟೆ ಸುತ್ತಿರಿ, ಮಟ್ಟ ಮೇಲೇರಿ ಉಕ್ಕುತ್ತದೆ. ಬೆರಳಿನ ಬಲಕ್ಕೆ ಎರಡೂ ಪಿಸ್ಟನ್ ಒಂದೇ ಥರ ಒಳಗೆ ಹೋಗಬೇಕು. ಒಂದು ಮೊಂಡು ಹಿಡಿದರೆ ಸೀಲ್ ಕಿಟ್ ಹಾಕಿಸುವ ಹೊತ್ತು ಬಂದಿದೆ.

ಪ್ಯಾಡಿನ ಪುಡಿಯನ್ನು ಬಾಯಿಂದಲೋ ಏರ್ ಗನ್ನಿನಿಂದಲೋ ಊದಬೇಡಿ. ಅದು ಹೋಗುವುದು ನಿಮ್ಮ ಶ್ವಾಸಕೋಶಕ್ಕೇ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಆಕ್ಸಲ್ ಬಿಗಿಯುವಾಗಿನ ಒಂದು ಸಣ್ಣ ಗುಟ್ಟು

ಚಕ್ರ ತೆಗೆದು ಹಾಕಿದ ಮೇಲೆ ಬ್ರೇಕ್ ಉಜ್ಜಲು ಶುರುವಾಯಿತೇ? ಪ್ಯಾಡು ಹೊಸದು, ಡಿಸ್ಕು ನೇರ, ಆದರೂ ಶರಶರ ಅನ್ನುತ್ತಿದೆ. ತಪ್ಪು ಫೋರ್ಕಿನದು. ಆಕ್ಸಲ್ ಬಿಗಿದ ಕೂಡಲೇ ಅದನ್ನು ಅದುಮಿ ಹಿಡಿಯುವ ಫೋರ್ಕಿನ ತಳದ ಪಿಂಚ್ ಬೋಲ್ಟುಗಳನ್ನೂ ಬಿಗಿದುಬಿಟ್ಟರೆ ಫೋರ್ಕಿನ ಒಂದು ಕಾಲು ಸ್ವಲ್ಪ ಓರೆಯಾಗಿಯೇ ಸಿಕ್ಕಿಕೊಳ್ಳುತ್ತದೆ. ಕ್ಯಾಲಿಪರ್ ಡಿಸ್ಕಿಗೆ ನೇರ ಇರುವುದಿಲ್ಲ.

ಹಾಗಾಗಿ ಆಕ್ಸಲ್ ಬಿಗಿಯಿರಿ, ಪಿಂಚ್ ಬೋಲ್ಟ್ ಸಡಿಲವಾಗೇ ಬಿಡಿ. ಬೈಕನ್ನು ನೆಲಕ್ಕೆ ಇಳಿಸಿ, ಮುಂದಿನ ಬ್ರೇಕ್ ಹಿಡಿದು, ಫೋರ್ಕನ್ನು ನಾಲ್ಕೈದು ಸಲ ಜೋರಾಗಿ ಅದುಮಿ. ಕಾಲು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಈಗ ಪಿಂಚ್ ಬೋಲ್ಟ್ ಬಿಗಿಯಿರಿ. ಅರ್ಧ ನಿಮಿಷದ ಕೆಲಸ.

ಕ್ಯಾಲಿಪರಿನ ಮೌಂಟಿಂಗ್ ಬೋಲ್ಟುಗಳು 8 ಮಿ.ಮೀ.ನದಾದರೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್ ಟಾರ್ಕ್ ಕೇಳುತ್ತವೆ. ನಿಮ್ಮ ಬೈಕಿನ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ಹ್ಯಾಂಡಲ್ ಮೇಲೆ

ಲಿವರಿಗೆ ತುದಿಯಲ್ಲಿ ಸ್ವಲ್ಪ ಸಡಿಲ ಇರಬೇಕು, ಅಂದರೆ ಎಳೆಯಲು ಶುರು ಮಾಡಿದಾಗ ಮೊದಲ ಕೆಲವು ಮಿಲಿಮೀಟರು ಏನೂ ಆಗಬಾರದು. ಅದು ಸುಮ್ನೆ ಇಟ್ಟಿರುವುದಲ್ಲ. ಲಿವರ್ ಪೂರ್ತಿ ಬಿಟ್ಟಾಗ, ಹ್ಯಾಂಡಲ್ ಮೇಲೆ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಹಿಂದೆ ಹೋಗಿ ಒಂದು ಸೂಜಿಮೊನೆಯ ತೂತನ್ನು ತೆರೆಯುತ್ತದೆ. ಬಿಸಿಯಾಗಿ ಹಿಗ್ಗಿದ ಆಯಿಲ್ ಆ ತೂತಿನಿಂದ ಡಬ್ಬಿಗೆ ವಾಪಸ್ ಹೋಗುತ್ತದೆ. ಸಡಿಲ ಇಲ್ಲದಿದ್ದರೆ ತೂತು ಮುಚ್ಚಿಯೇ ಇರುತ್ತದೆ. ಆಯಿಲ್ ಹಿಗ್ಗಿ ತಾನೇ ಬ್ರೇಕ್ ಹಿಡಿಯುತ್ತದೆ, ಅದರಿಂದ ಇನ್ನಷ್ಟು ಬಿಸಿ, ಇನ್ನಷ್ಟು ಹಿಗ್ಗು. ಘಾಟಿ ಇಳಿಯುವಾಗ ಮುಂದಿನ ಚಕ್ರ ಬರಬರುತ್ತಾ ಬಿಗಿಯಾದರೆ ಇದನ್ನೇ ಮೊದಲು ನೋಡಿ. ಹ್ಯಾಂಡ್‌ಗಾರ್ಡ್ ಲಿವರಿಗೆ ತಾಗಿ ಪೂರ್ತಿ ಹಿಂದೆ ಬರಲು ಬಿಡದೇ ಇರುವುದೂ ಉಂಟು.

ಪಿವಟ್ ಬೋಲ್ಟ್ ತೆಗೆದು, ಒರೆಸಿ, ಒಂದು ಚೂರು ಸಿಲಿಕೋನ್ ಗ್ರೀಸು ಹಚ್ಚಿ ಹಾಕಿ. ಅಷ್ಟು ಮಾಡಿದ ಮೇಲೂ ಲಿವರ್ ಮೇಲೆ ಕೆಳಗೆ ಕಟಕಟ ಅಂದರೆ ಬೋಲ್ಟೋ ತೂತೋ ಸವೆದಿದೆ.

ಆಯಿಲ್ ಟೀ ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಕಪ್ಪಾಗುವ ತನಕ ಕಾಯಬೇಡಿ, ಎರಡು ವರ್ಷಕ್ಕೊಮ್ಮೆ ಹೇಗೂ ಬದಲಿಸಬೇಕು. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಅಳತೆ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಯಾವ ಆಯಿಲ್ ಎಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 5 ಮಾತ್ರ ಸಿಲಿಕೋನಿನದು, ಅದನ್ನು ಇದಕ್ಕೆ ಬೆರೆಸಬಾರದು. ಡಾಟ್ 5.1 ಬೇರೆಯೇ, ಹೆಸರು ನೋಡಿ ಮೋಸ ಹೋಗಬೇಡಿ.

ಕಿರುಚಾಟಕ್ಕೆ

ಪ್ಯಾಡಿನ ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಉಪ್ಪುಕಾಗದವನ್ನು ಗಾಜಿನ ಹಲಗೆ ಮೇಲೆ ಹರಡಿ, ಅದರ ಮೇಲೆ ಪ್ಯಾಡನ್ನು ಎಂಟರ ಆಕಾರದಲ್ಲಿ ಉಜ್ಜಿ. ಮಾಸಲು ಬಣ್ಣ ಬಂದರೆ ಸಾಕು. ಡಿಸ್ಕನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಪ್ಯಾಡು ಎಣ್ಣೆ ಕುಡಿದಿದ್ದರೆ ಬಿಸಾಕಿ. ಗ್ಯಾಸ್ ಒಲೆ ಮೇಲೆ ಸುಟ್ಟು ಉಳಿಸುವ ಪ್ರಯೋಗ ಕೆಲವರು ಹೇಳುತ್ತಾರೆ, ಮುಂದಿನ ಬ್ರೇಕಿನ ಮೇಲೆ ಅಷ್ಟು ಜಿಪುಣತನ ನನಗಂತೂ ಇಲ್ಲ. ಎಣ್ಣೆ ಎಲ್ಲಿಂದ ಬಂತು ಅಂತಲೂ ನೋಡಿ, ಫೋರ್ಕಿನ ಸೀಲ್ ಸೋರಿ ಕ್ಯಾಲಿಪರ್ ಮೇಲೆ ಇಳಿಯುವುದು ಮಾಮೂಲು. ಲೋಹದ ಪುಡಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡುಗಳು ಕೆಸರಿನಲ್ಲಿ ಬಾಳುತ್ತವೆ, ಆದರೆ ಸ್ವಲ್ಪ ಗಲಾಟೆ ಮಾಡುತ್ತವೆ. ತೂತು ತೂತಿನ, ಹೂವಿನೆಸಳಿನ ಆಕಾರದ ಡಿಸ್ಕುಗಳೂ ಬ್ರೇಕ್ ಹಿಡಿದಾಗ ‘ಝುಂಯ್’ ಅನ್ನುತ್ತವೆ. ಅದು ಅವುಗಳ ಮಾತು, ರೋಗವಲ್ಲ.

ಹೊರಡುವ ಮೊದಲು

ಎಲ್ಲ ಜೋಡಿಸಿದ ಮೇಲೆ ಲಿವರನ್ನು ಗಟ್ಟಿಯಾಗುವ ತನಕ ಪಂಪ್ ಮಾಡಿ. ಇದನ್ನು ಮರೆತು ಗೇಟಿನ ತನಕ ಹೋದವರು ಗೇಟಿಗೇ ಗುದ್ದಿದ್ದಾರೆ. ಆಯಿಲ್ ಮಟ್ಟ ನೋಡಿ ಮುಚ್ಚಳ ಹಾಕಿ. ಹೊಸ ಪ್ಯಾಡ್ ಹಾಕಿದ್ದರೆ ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಿಂದ ನಿಲ್ಲುವ ತನಕ ಹೋಗದೆ, ನಡೆಯುವ ವೇಗಕ್ಕೆ ಇಳಿಸುವಂತೆ ಇಪ್ಪತ್ತು ಮೂವತ್ತು ಸಲ ಬ್ರೇಕ್ ಹಿಡಿಯಿರಿ. ನಡುನಡುವೆ ತಣಿಯಲು ಬಿಡಿ.

ಆಮೇಲೆ ಐದು ನಿಮಿಷ ಮುಂದಿನ ಬ್ರೇಕ್ ಮುಟ್ಟದೆ ಓಡಿಸಿ, ಹಿಂದಿನದರಲ್ಲೇ ನಿಲ್ಲಿಸಿ. ಡಿಸ್ಕಿನ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಬಿಸಿ ಹೊಡೆದರೆ ಪ್ಯಾಡ್ ಇನ್ನೂ ಉಜ್ಜುತ್ತಿದೆ, ಸ್ಲೈಡ್ ಪಿನ್ನಿಗೂ ಲಿವರಿನ ಸಡಿಲಕ್ಕೂ ವಾಪಸ್ ಹೋಗಿ.

ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದ ತನಕ ಬಿಳಿ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಐವತ್ತು ಕಿಲೋಮೀಟರ್ ತೋಟದ ದಾರಿ ಓಡಿದ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿ. ಗೆರೆ ಮುರಿದಿದ್ದರೆ ಆ ಬೋಲ್ಟ್ ತಿರುಗಿದೆ.